ಗಂಜಿ ಉಂಡ ಮೇಲೆ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆ ಏರಿಳಿಯುವುದೇಕೆ?

ಆಹಾರದ ವೇಗಕ್ಕೂ ಔಷಧದ ವೇಗಕ್ಕೂ ಹೊಂದಾಣಿಕೆ ತಪ್ಪುವುದೇ ಇದಕ್ಕೆ ಕಾರಣ. ಉಂಡ ಬಳಿಕ ರಕ್ತದ ಸಕ್ಕರೆ ಸಾಮಾನ್ಯವಾಗಿ 1ರಿಂದ 2 ಗಂಟೆಯೊಳಗೆ ತುದಿಮುಟ್ಟುತ್ತದೆ; ಆದರೆ ರೆಗ್ಯುಲರ್ ಎಂಬ ಬಗೆಯ ಇನ್ಸುಲಿನ್‌ನ ಅಣುಗಳು ಆರಾರರ ಗುಂಪಾಗಿ ಅಂಟಿಕೊಂಡಿರುವುದರಿಂದ, ಅವು ಚರ್ಮದಡಿಯಲ್ಲಿ ಬಿಡಿಯಾಗಿ ರಕ್ತವನ್ನು ಸೇರಿ ಕೆಲಸ ಆರಂಭಿಸಲು ಸುಮಾರು 30 ನಿಮಿಷ, ಪೂರ್ಣ ಬಲಕ್ಕೆ ಬರಲು 2ರಿಂದ 4 ಗಂಟೆ ಬೇಕಾಗುತ್ತದೆ. ಹೀಗಾಗಿ, ಕಾಸರಗೋಡಿನ ನಮ್ಮ ಮನೆಗಳಲ್ಲಿ ಆಗುವಂತೆ, ಬೆಳಗ್ಗೆ ಕುಚ್ಚಲಕ್ಕಿ ಗಂಜಿ ಉಂಡು, ಕೈ ತೊಳೆದ ಮೇಲೆ ನೆನಪಾಗಿ ಚುಚ್ಚಿಕೊಂಡರೆ, ಸಕ್ಕರೆ ಮೊದಲು ತಡೆಯಿಲ್ಲದೆ ಏರಿ, ಗಂಜಿ ಕರಗಿದ ಮೇಲೆ, ಮಧ್ಯಾಹ್ನದ ಊಟಕ್ಕೆ ಮುನ್ನ, ವಿಪರೀತ ಇಳಿಯಬಹುದು. ಊಟಕ್ಕೆ ಅರ್ಧ ಗಂಟೆ ಮೊದಲು ಎಂದು ವೈದ್ಯರು ಹೇಳುವುದು ಅದಕ್ಕಾಗಿಯೇ. ಲಿಸ್ಪ್ರೋ, ಆಸ್ಪಾರ್ಟ್‌ನಂತಹ ಬಗೆಗಳಲ್ಲಿ ಅಣುಗಳು ಬೇಗ ಬಿಡಿಯಾಗುವುದರಿಂದ ಇಷ್ಟು ಕಾಯಬೇಕಿಲ್ಲ. ನಿಮ್ಮದು ಯಾವ ಬಗೆಯೆಂದು ವೈದ್ಯರಲ್ಲಿ ಕೇಳದೆ ಹೊತ್ತನ್ನು ಬದಲಿಸಬೇಡಿ.