ತುಂಡಾದ ಟೆಲಿಫೋನ್ ತಂತಿ

ಹಾಸನದ ಓದುಗರೊಬ್ಬರ ಪತ್ರ: "ಮಗನ ಜೊತೆ ಕೂತು ‘1917’ ನೋಡಿದೆ. ಒಂದನೇ ಮಹಾಯುದ್ಧದ ಮೇಲೆ ಇನ್ನು ಯಾವ ಸಿನಿಮಾ ನೋಡಬಹುದು? ಹಳೆಯ ಕಪ್ಪು-ಬಿಳುಪಿನವು ಈಗಲೂ ನೋಡುವ ಹಾಗಿವೆಯೇ? ನಮ್ಮ ಮೈಸೂರು ಕುದುರೆ ಪಡೆಯೂ ಹೋಗಿತ್ತಲ್ಲ, ಅದರ ಚಿತ್ರ ಯಾಕಿಲ್ಲ?"

ಸಂಪಾದಕರ ಉತ್ತರ: ಈ ಯುದ್ಧದ ಸಿನಿಮಾ ನೋಡುವಾಗ ಬಂದೂಕಿಗಿಂತ ಟೆಲಿಫೋನ್ ತಂತಿಯ ಮೇಲೆ ಕಣ್ಣಿಟ್ಟರೆ ಲಾಭ ಹೆಚ್ಚು. ಮಷಿನ್‌ಗನ್ನು, ದೊಡ್ಡ ಫಿರಂಗಿ ಎಲ್ಲ ಬಂದಿದ್ದವು. ಮುಂದೆ ನುಗ್ಗಿದ ತುಕಡಿಯೊಡನೆ ಮಾತಾಡಲು ಹೊತ್ತೊಯ್ಯುವಂಥ ರೇಡಿಯೊ ಇರಲಿಲ್ಲ. ಶೆಲ್ ಬಿದ್ದು ತಂತಿ ತುಂಡಾಯಿತೋ, ಯಾರಾದರೂ ಚೀಟಿ ಹಿಡಿದು ಓಡಬೇಕು. ‘1917’ರ ಕಥೆ ಇಷ್ಟೇ: ದಾಳಿ ನಿಲ್ಲಿಸಿ ಎಂಬ ಆಜ್ಞೆ 1,600 ಜನರಿಗೆ ಬೆಳಗಾಗುವುದರೊಳಗೆ ಮುಟ್ಟಬೇಕು. ಇಡೀ ಚಿತ್ರ ಒಂದೇ ಶಾಟ್ ಎನ್ನುವುದು ಕಣ್ಕಟ್ಟು, ಬೆಸುಗೆಗಳು ಒಳಗೆ ಅಡಗಿವೆ. ಆದರೆ ಅದರ ಹಿಂದಿನ ಅಳತೆ ಕೆಲಸ ದೊಡ್ಡದು. ನಟರು ಬಯಲಲ್ಲಿ ಮಾತಾಡುತ್ತ ನಡೆದ ಮೇಲೆ, ಆ ದೂರಕ್ಕೆ ಸರಿಯಾಗಿ ಕಂದಕ ತೋಡಿದರು. ಕಂದಕ ಹತ್ತು ಹೆಜ್ಜೆ ಉದ್ದವಾದರೂ ಮಾತು ಮುಗಿದು ಬರೀ ನಡಿಗೆ ಉಳಿಯುತ್ತದೆ.

ಮುಂದಿನದು ಪೀಟರ್ ವಿಯರ್ ಅವರ ‘ಗಲಿಪೊಲಿ’ (1981). ಇಲ್ಲೂ ತಂತಿ ಸತ್ತಿದೆ, ಹುಡುಗ ಓಡುತ್ತಾನೆ. 1915ರ ಆಗಸ್ಟ್ 7ರಂದು ತುರ್ಕಿಯ ಗಲಿಪೊಲಿಯಲ್ಲಿ ನೆಕ್ ಎಂಬ ಕಿರಿದಾದ ದಿಣ್ಣೆಯ ಮೇಲೆ ಆಸ್ಟ್ರೇಲಿಯಾದ ಕುದುರೆ ಪಡೆ ಕುದುರೆಯಿಲ್ಲದೆ ಕಾಲ್ನಡೆಯಲ್ಲೇ ನುಗ್ಗಿತು. ಫಿರಂಗಿ 4.30ರವರೆಗೆ ಬಡಿಯಬೇಕಿತ್ತು, 4.23ಕ್ಕೇ ನಿಂತಿತು. ಏಳು ನಿಮಿಷದಲ್ಲಿ ತುರ್ಕರು ಮತ್ತೆ ತಮ್ಮ ಜಾಗಕ್ಕೆ ಬಂದು ಮಷಿನ್‌ಗನ್ ಹೂಡಿದರು. ತಲಾ 150 ಜನರಂತೆ ನಾಲ್ಕು ಸಾಲು ಹೋದವು. ಸಿನಿಮಾ ಮೂರನ್ನೇ ತೋರಿಸುತ್ತದೆ. ಇನ್ನೊಂದು ತಪ್ಪು ಸಣ್ಣದಲ್ಲ. ದಾಳಿ ಮುಂದುವರಿಸಿ ಎನ್ನುವ ಅಧಿಕಾರಿ ಇಂಗ್ಲಿಷರವನು ಎಂದೇ ನೋಡುವವರಿಗೆ ಅನಿಸುತ್ತದೆ. ನಿಜವಾಗಿ ಹಟ ಹಿಡಿದ ಆಂಟಿಲ್ ಆಸ್ಟ್ರೇಲಿಯಾದವನೇ. ಮಗನಿಗೆ ಇದನ್ನು ಸಿನಿಮಾ ಮುಗಿದ ಮೇಲೆ ಹೇಳಿ, ಮೊದಲೇ ಬೇಡ.

ಇನ್ನು ಕಪ್ಪು-ಬಿಳುಪು. ಒಂದೇ ನೋಡುವುದಾದರೆ ಕುಬ್ರಿಕ್ ಅವರ ‘ಪಾಥ್ಸ್ ಆಫ್ ಗ್ಲೋರಿ’ (1957). ಒಂದೂವರೆ ಗಂಟೆಯೂ ಇಲ್ಲ. ನಮ್ಮ ಕಂದಕದ ಮೇಲೇ ಗುಂಡು ಹಾರಿಸು ಎಂದು ಫ್ರೆಂಚ್ ಜನರಲ್ ಫೋನಿನಲ್ಲಿ ಅರಚುತ್ತಾನೆ. ಫಿರಂಗಿ ಅಧಿಕಾರಿ ಬರಹದಲ್ಲಿ ಆಜ್ಞೆ ಕೊಡಿ ಎನ್ನುತ್ತಾನೆ. ತಂತಿ ಸರಿಯಿದ್ದರೂ ಇಷ್ಟು! ಅಂದಹಾಗೆ ಅದರ ಕಂದಕ ಅಗಲ ಜಾಸ್ತಿ: ಕ್ಯಾಮೆರಾ ಗಾಡಿ ಓಡಾಡಲಿ ಎಂದು ಸುಮಾರು ನಾಲ್ಕು ಅಡಿಯ ಜಾಗದಲ್ಲಿ ಆರು ಅಡಿ ಬಿಟ್ಟಿದ್ದಾರೆ. ನಿಜವಾದ ಕಂದಕ ಇಷ್ಟು ದೂರ ನೇರವಾಗಿಯೂ ಇರುತ್ತಿರಲಿಲ್ಲ. ಒಳಗೆ ಬಿದ್ದ ಶೆಲ್ಲಿನ ಚೂರು ಸಾಲಿಗೆ ಸಾಲನ್ನೇ ಕೊಲ್ಲಬಾರದೆಂದು ಅಲ್ಲಲ್ಲಿ ಮುರಿದು ತೋಡುತ್ತಿದ್ದರು. ಫ್ರಾನ್ಸಿನಲ್ಲಿ ಈ ಚಿತ್ರ ತೆರೆ ಕಂಡದ್ದು 1975ರಲ್ಲಿ.

ರೆನ್ವಾರ್ ಅವರ ‘ಗ್ರ್ಯಾಂಡ್ ಇಲ್ಯೂಷನ್’ (1937) ಯುದ್ಧಕೈದಿಗಳ ಕಥೆ. ದಯವಿಟ್ಟು ಡಬ್ ಆದ ಪ್ರತಿ ನೋಡಬೇಡಿ, ಸಬ್‌ಟೈಟಲ್ ಇರಲಿ. ಫ್ರೆಂಚ್ ಮತ್ತು ಜರ್ಮನ್ ಶ್ರೀಮಂತ ಅಧಿಕಾರಿಗಳಿಬ್ಬರು ಆಗಾಗ ಇಂಗ್ಲಿಷಿಗೆ ಹೊರಳುತ್ತಾರೆ. ಮೆಕ್ಯಾನಿಕ್ ಆಗಿದ್ದ ಕೈದಿ ಮರೆಶಾಲ್‌ಗೆ ಇಂಗ್ಲಿಷ್ ಬಾರದು. ಅಗೆದಿಟ್ಟ ಸುರಂಗದ ಸುದ್ದಿಯನ್ನು ಹೊಸದಾಗಿ ಬಂದ ಇಂಗ್ಲಿಷ್ ಕೈದಿಗಳಿಗೆ ಹೇಳಲು ಹೋಗಿ ಅವನು ಸೋಲುತ್ತಾನೆ. ಎಲ್ಲರ ಬಾಯಲ್ಲೂ ಒಂದೇ ಭಾಷೆ ತುರುಕಿದರೆ ಆ ದೃಶ್ಯಕ್ಕೆ ಅರ್ಥವೇ ಇಲ್ಲ.

‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ವಿಷಯದಲ್ಲಿ ನಮ್ಮ ಮತ 1930ರ ಮೈಲ್‌ಸ್ಟೋನ್ ಚಿತ್ರಕ್ಕೆ. 2022ರ ಜರ್ಮನ್ ಚಿತ್ರಕ್ಕೆ ನಾಲ್ಕು ಆಸ್ಕರ್ ಬಂದವು, ಕೆಸರು-ಚಳಿ ಮೈಗೆ ತಾಗುತ್ತದೆ, ಒಪ್ಪಿದೆವು. ಆದರೆ ಎರಡಕ್ಕೂ ಮೂಲವಾದ ರೆಮಾರ್ಕ್ ಕಾದಂಬರಿಯಲ್ಲಿ ಕಥಾನಾಯಕ ಹುಡುಗ ಸಾಯುವುದು 1918ರ ಅಕ್ಟೋಬರಿನ ಒಂದು ಸುಮ್ಮನಿದ್ದ ದಿನ. ಅಂದಿನ ಸೇನಾ ವರದಿಯಲ್ಲಿ ಪಶ್ಚಿಮದಲ್ಲಿ ಹೊಸತೇನಿಲ್ಲ ಎಂದಷ್ಟೇ ಇರುತ್ತದೆ. ಹೆಸರು ಬಂದದ್ದೇ ಅಲ್ಲಿಂದ. ಹೊಸ ಚಿತ್ರ ಅವನನ್ನು ನವೆಂಬರ್ 11ರ ಕದನವಿರಾಮಕ್ಕೆ ಮುಂಚಿನ ಕೊನೆಯ ನಿಮಿಷಗಳ ಗದ್ದಲದ ದಾಳಿಯಲ್ಲಿ ಸಾಯಿಸುತ್ತದೆ. ಹಾಗಾದರೆ ಆ ಹೆಸರು ಯಾಕೆ ಬೇಕಿತ್ತು? 1930ರದ್ದರಲ್ಲಿ ಒಂದು ಚಿಟ್ಟೆ, ಅದರತ್ತ ಚಾಚಿದ ಒಂದು ಕೈ, ಅಷ್ಟೇ.

ಮೈಸೂರು ಲ್ಯಾನ್ಸರ್ಸ್ ಪ್ಯಾಲೆಸ್ಟೈನಿನ ಹೈಫಾದಲ್ಲಿ ಕಾದಿದ್ದು 1918ರ ಸೆಪ್ಟೆಂಬರ್ 23ರಂದು. ಜೋಧಪುರದವರು ಊರಿನತ್ತ ನುಗ್ಗಿದಾಗ ನಮ್ಮವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳು. ಮೇಲಿನ ಚಿತ್ರಗಳ ಸಾಲಿಗೆ ಸೇರುವಂಥದ್ದು ಇದರ ಮೇಲೆ ಬಂದಿಲ್ಲ. ದುಡ್ಡು ಒಂದು ಕಾರಣ. ಬ್ರಿಟಿಷರ ಪರವಾಗಿ ಹೋರಾಡಿದವನನ್ನು ನಾಯಕ ಮಾಡುವ ಮುಜುಗರ ಇನ್ನೊಂದು ಎಂದು ನಮ್ಮ ಊಹೆ. ಹತ್ತಿರದ್ದು ಬೇಕಿದ್ದರೆ ‘ದಿ ಲೈಟ್‌ಹಾರ್ಸ್‌ಮೆನ್’ (1987). ಅದೇ ಪ್ಯಾಲೆಸ್ಟೈನ್ ರಂಗ, 1917ರ ಅಕ್ಟೋಬರ್ 31, ಬೀರ್‌ಶೆಬಾದ ಬಾವಿಗಳು ಕತ್ತಲಾಗುವ ಮೊದಲು ಸಿಗಬೇಕು, ಕುದುರೆಗಳಿಗೆ ನೀರಿಲ್ಲ. ಆ ಆಸ್ಟ್ರೇಲಿಯಾದ ಸವಾರರ ಕೈಯಲ್ಲಿ ಬರೀ ಬಯೊನೆಟ್, ನಮ್ಮವರ ಕೈಯಲ್ಲಿ ಈಟಿ ಇತ್ತು. ಬೆಂಗಳೂರಿಗೆ ಬಂದಾಗ ಮಗನನ್ನು ಜೆ.ಸಿ. ನಗರಕ್ಕೆ ಕರೆದುಕೊಂಡು ಹೋಗಿ, ಲ್ಯಾನ್ಸರ್ಸ್ ಸ್ಮಾರಕ ಅಲ್ಲಿದೆ.