ದಿನಕ್ಕೆ 24 ಗಂಟೆ, ಗಂಟೆಗೆ 60 ನಿಮಿಷ ಎಂಬ ಲೆಕ್ಕ ಎಲ್ಲಿಂದ ಬಂತು?
ಇದರ ಮೂಲ ಎರಡು ಬೇರೆ ನಾಗರಿಕತೆಗಳಲ್ಲಿದೆ. ಪ್ರಾಚೀನ ಈಜಿಪ್ಟಿನವರು ಒಂದರ ನಂತರ ಒಂದರಂತೆ ಉದಯಿಸುವ ನಕ್ಷತ್ರಗಳನ್ನು ನೋಡಿ ಇರುಳನ್ನು 12 ಪಾಲು ಮಾಡಿದ್ದರು. ಹಗಲಿಗೂ 12 ಪಾಲುಗಳಿದ್ದವು, ಆದರೆ ಹಗಲಿನ ಉದ್ದ ಋತುವಿಗೆ ತಕ್ಕಂತೆ ಬದಲಾಗುತ್ತಿದ್ದುದರಿಂದ ಬೇಸಿಗೆಯ ಹಗಲಿನ ಗಂಟೆ ಚಳಿಗಾಲದ್ದಕ್ಕಿಂತ ದೀರ್ಘವಾಗಿರುತ್ತಿತ್ತು. 60ರ ಎಣಿಕೆ ಇಂದಿನ ಇರಾಕ್ ಪ್ರದೇಶದಲ್ಲಿದ್ದ ಪ್ರಾಚೀನ ಸುಮೇರಿಯನ್ನರಿಂದ ಅದೇ ನಾಡಿನ ಬ್ಯಾಬಿಲೋನಿನ ಖಗೋಳಜ್ಞರಿಗೆ, ಅವರಿಂದ ಗ್ರೀಕರಿಗೆ ಬಂದಿತು. 2, 3, 4, 5, 6 ಎಲ್ಲವುಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ಅದು; ಭಿನ್ನರಾಶಿಗಳ ಲೆಕ್ಕಕ್ಕೆ ಇಷ್ಟು ಅನುಕೂಲವಾದ ಆಯ್ಕೆ ನಿಜಕ್ಕೂ ಮೆಚ್ಚತಕ್ಕದ್ದು. ನಮ್ಮ ಪಂಚಾಂಗದಲ್ಲೂ ದಿನಕ್ಕೆ 60 ಘಳಿಗೆಗಳಿದ್ದು, ಒಂದು ಘಳಿಗೆ 24 ನಿಮಿಷಕ್ಕೆ ಸಮ. ನಿಮಿಷವು ದಿನಬಳಕೆಗೆ ಬಂದದ್ದು ಮಾತ್ರ ಬಹಳ ತಡವಾಗಿ: 1656ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದ ನಂತರವೇ ನಿಮಿಷದ ಮುಳ್ಳು ಸಾಮಾನ್ಯವಾಯಿತು.