ಕಾಲಿನ ಮೇಲಿನ ಪೆನ್ನಿನ ಗೆರೆ

ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಕಸುಬನ್ನು ಮಾತ್ರ ಬದಲಿಸಲಾಗಲಿಲ್ಲ, ಅದಿಲ್ಲದೆ ಈ ಪ್ರಕರಣವೇ ಇಲ್ಲ. ಅವರು ಶಿರಸಿ ಸೀಮೆಯ ಕೊನೆಗೌಡರು, ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಇಳಿಸುವವರು. ಇಲ್ಲೂ ಹಾಗೆಂದೇ ಕರೆಯುತ್ತೇನೆ.

ಕೊಯ್ಲಿನ ಹೊತ್ತಲ್ಲಿ ಜಾರಿ, ನೆಟ್ಟಗೆ ಕಾಲೂರಿ ಬಿದ್ದಿದ್ದರು. ಬಲ ಹಿಮ್ಮಡಿಯ ಮೂಳೆ ಚೂರಾಗಿತ್ತು. ಬಾವು ಇಳಿದು ಚರ್ಮದಲ್ಲಿ ಸುಕ್ಕು ಕಾಣಲೆಂದು 10 ದಿನ ಕಾದು, ಪಾದದ ಹೊರಬದಿಯಲ್ಲಿ ಎಲ್ ಆಕಾರಕ್ಕೆ ಕೊಯ್ದು ಪ್ಲೇಟು, ಸ್ಕ್ರೂ ಹಾಕಿದ್ದರು. ಏಳನೇ ವಾರ ಫಿಸಿಯೋಥೆರಪಿಯವರು ನನ್ನಲ್ಲಿಗೆ ಕಳಿಸಿದರು. ಕಾಲು ಮುಟ್ಟಲು ಬಿಡುವುದಿಲ್ಲ, ತಾವೂ ಮುಟ್ಟುವುದಿಲ್ಲ, ಕಾಲಿಗೆ ಸದಾ ಟವೆಲ್ ಸುತ್ತಿಯೇ ಇರುತ್ತದೆ ಎಂಬುದು ಅವರ ದೂರು.

ಅರ್ಧ ಗಂಟೆ ಗೌಡರು ಮಾತಾಡಲಿಲ್ಲ, ಹೆಂಡತಿಯೇ ಮಾತಾಡಿದರು. ಆಮೇಲೆ ಒಂದೇ ವಾಕ್ಯ: "ನರ ಕಡಿದು ಹಾಕಿದ್ದಾರೆ, ಈ ಕಾಲು ಇನ್ನು ಮರದ್ದು."

ಕಿರುಬೆರಳು ಮತ್ತು ಪಾದದ ಹೊರ ಅಂಚು ಮರಗಟ್ಟಿತ್ತು. ಕೊಯ್ದ ಗಾಯದ ಸುತ್ತ ಬಟ್ಟೆ ತಾಗಿದರೂ ಉರಿ. ಅಲ್ಲಿ ಹಾದುಹೋಗುವುದು ಸ್ಯೂರಲ್ ನರ. ಕಣಕಾಲಿನ ಹೊರಬದಿಯ ಗಿಣ್ಣಿನ ಹಿಂದೆ ಒಂದು ಸಣ್ಣ ರಕ್ತನಾಳದ ಜೊತೆಜೊತೆಗೆ ಇಳಿದು ಕಿರುಬೆರಳಿನತ್ತ ಹೋಗುತ್ತದೆ. ಆ ಬದಿಯಿಂದ ಹಿಮ್ಮಡಿಗೆ ಕೈಹಾಕುವ ಯಾವ ಶಸ್ತ್ರಚಿಕಿತ್ಸಕರೂ ಅದರ ನೆರೆಯಲ್ಲೇ ಕೆಲಸ ಮಾಡಬೇಕು. ಕೊಯ್ತ ಚಿಕ್ಕದಿದ್ದರೂ ಆ ಅಪಾಯ ಪೂರ್ತಿ ತಪ್ಪುವುದಿಲ್ಲ.

ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ಇದು ಸ್ಪರ್ಶದ ನರ, ಬಲದ ನರವಲ್ಲ ಎಂದು ಧೈರ್ಯ ಹೇಳಲು ಹೋಗಿ, "ಬೇರೆ ಕಡೆಯ ನರ ಜೋಡಿಸಬೇಕಾದಾಗ ಡಾಕ್ಟರರು ಇದನ್ನೇ ತೆಗೆದು ಬಳಸುವುದುಂಟು" ಎಂದೆ. ಗೌಡರು ತಲೆಯೆತ್ತಿದರು. "ಹಂಗಾರೆ ನಂದು ತೆಗ್ದು ಯಾರಿಗೆ ಹಾಕಿದ್ರು?" ಹೆಂಡತಿಗೆ ನಗು ತಡೆಯಲಿಲ್ಲ. ಅವರಿಗೆ ಮಾತ್ರ ಅದು ನಿಜವಾದ ಪ್ರಶ್ನೆ.

ಆ ಪ್ರಶ್ನೆಯಿಂದಲೇ ನನಗೆ ದಾರಿ ಕಂಡಿತು. ನೋವಿಗಿಂತ ದೊಡ್ಡದು ಅವರಿಗಿದ್ದ ಅನುಮಾನ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಸಹಿ ಹಾಕಿದ್ದು ಭಾವಮೈದ. ನರದ ಮಾತು ಯಾರೂ ಎತ್ತಿರಲಿಲ್ಲ. ಚಿಕಿತ್ಸೆಯ ಸ್ವರೂಪ, ಬದಲಿ ದಾರಿ, ಮುಖ್ಯ ಅಪಾಯ ಇಷ್ಟನ್ನಾದರೂ ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲೋ ಅಪರೂಪಕ್ಕೆ ಆಗುವುದನ್ನೆಲ್ಲ ಹೇಳಬೇಕಿಲ್ಲ, ನಿಜ. ಆದರೆ ಹಿಮ್ಮಡಿಯ ಹೊರಬದಿ ಕೊಯ್ಯುವಾಗ ಈ ನರ ಅಪರೂಪದ ಸಂಗತಿಯಲ್ಲ.

ನಾನು ಮೊದಲು ಕೊಟ್ಟ ಸಲಹೆ, ದಾಖಲೆ ಕೇಳಿ ಪಡೆಯಿರಿ ಎಂಬುದು. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಬಂದ ಆಪರೇಷನ್ ಟಿಪ್ಪಣಿಯಲ್ಲಿ ನರವನ್ನು ಗುರುತಿಸಿ ಪಕ್ಕಕ್ಕೆ ಸರಿಸಿ ಹಿಡಿದದ್ದು ಬರೆದಿತ್ತು. ಕಡಿದಿರಲಿಲ್ಲ, ಎಳೆತಕ್ಕೆ ಸಿಕ್ಕಿರಬಹುದು. ಬಿದ್ದ ಹೊಡೆತಕ್ಕೇ ನೊಂದಿರಲೂಬಹುದು. ಆಪರೇಷನ್ನಿಗೆ ಮುಂಚೆ ಕಿರುಬೆರಳಿಗೆ ಸ್ಪರ್ಶ ಗೊತ್ತಾಗುತ್ತಿತ್ತೇ ಎಂದು ಎಲ್ಲೂ ಬರೆದಿಲ್ಲ. ನನಗೆ ಬೇಸರವಾದದ್ದು ಇದಕ್ಕೆ. ಎರಡು ನಿಮಿಷದ ಪರೀಕ್ಷೆ ಅದು.

ಡಾಕ್ಟರರನ್ನು ಮತ್ತೆ ಕಂಡು ಬಂದರು. ಅವರು ಬೆರಳಿನಿಂದ ತಟ್ಟುತ್ತ ಹೋದಾಗ ಒಂದು ಕಡೆ ಕರೆಂಟು ಹೊಡೆದಂತಾಯಿತಂತೆ, ಅದು ಮುಂದೆ ಸರಿಯುತ್ತ ಹೋದರೆ ಒಳ್ಳೆಯ ಲಕ್ಷಣ ಎಂದರಂತೆ. ನರದ ಎಳೆಯೇ ತುಂಡಾಗಿದ್ದರೆ ಮರುಬೆಳವಣಿಗೆ ದಿನಕ್ಕೆ ಸುಮಾರು 1 ಮಿಲಿಮೀಟರ್. ಗಾಯದಿಂದ ಕಿರುಬೆರಳಿಗೆ 12 ಸೆಂಟಿಮೀಟರ್ ಹಿಡಿದರೂ ನಾಲ್ಕು ತಿಂಗಳು. ಬರೀ ಎಳೆತವಾಗಿದ್ದರೆ ಬೇಗ. ಈ ಲೆಕ್ಕ ಅವರಿಗೆ ಹಿಡಿಸಿತು. ಮರ ಎಣಿಸಿ ಕೂಲಿ ಪಡೆಯುವವರು.

ಮನೆಗೆ ಹೇಳಿಕೊಟ್ಟದ್ದು ಇಷ್ಟು. ತಿಂಗಳ ಮೊದಲ ಭಾನುವಾರ, ಕಣ್ಣು ಮುಚ್ಚಿಸಿ ಹತ್ತಿಯಿಂದ ಮುಟ್ಟಿ, ಗೊತ್ತಾಗದ ಜಾಗದ ಸುತ್ತ ಹೆಂಡತಿ ಪೆನ್ನಿನಿಂದ ಗೆರೆ ಎಳೆಯಬೇಕು, ಮೊಬೈಲಿನಲ್ಲಿ ಫೋಟೋ ತೆಗೆದಿಡಬೇಕು. ಉರಿಯುವ ಕಡೆ ದಿನಕ್ಕೆ ಮೂರು ನಾಲ್ಕು ಸಲ ಮೊದಲು ಹತ್ತಿ, ಆಮೇಲೆ ಹಳೇ ಪಂಚೆ, ಕೊನೆಗೆ ಒರಟು ಟವೆಲ್, ಹೀಗೆ ಸವರಿ ರೂಢಿ ಮಾಡಿಸಬೇಕು. ಬಚ್ಚಲ ನೀರಿನ ಬಿಸಿಯನ್ನು ಆ ಕಾಲಿನಿಂದ ನೋಡಬಾರದು, ಕೈಯಿಂದ ನೋಡಬೇಕು. ರಾತ್ರಿ ಅಂಗಾಲು ತಿರುಗಿಸಿ ಮುಳ್ಳು, ಗಾಯ ಹುಡುಕಬೇಕು. ಉರಿ ಹೆಚ್ಚುತ್ತ ಪಾದದ ಬಣ್ಣ ಬದಲಾದರೆ, ಬೆವರಿ ಊದಿಕೊಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಬೇಕು. ನರದ ಉರಿಗೆ ಕೊಟ್ಟ ಮಾತ್ರೆಯನ್ನು ತಾವಾಗಿ ಥಟ್ಟನೆ ನಿಲ್ಲಿಸಬಾರದು. ಬೀಡಿಯ ವಿಷಯದಲ್ಲಿ ನಾನು ಸೋತೆ.

ಕೇಸು ಹಾಕಬೇಕೆಂದು ಭಾವಮೈದ ಹೊರಟಿದ್ದ. ಬೇಡ ಎನ್ನಲಿಲ್ಲ. ದಾಖಲೆ ಕೈಯಲ್ಲಿದೆ, ಇನ್ನೊಬ್ಬ ಮೂಳೆ ತಜ್ಞರಿಗೆ ತೋರಿಸಿ ಆಮೇಲೆ ಯೋಚಿಸಿ ಎಂದೆ.

ಐದನೇ ತಿಂಗಳು ಫೋಟೋಗಳನ್ನು ಸಾಲಾಗಿ ತೋರಿಸಿದರು. ಗೆರೆ ಕಿರಿದಾಗುತ್ತ ಬಂದಿತ್ತು. ಕಿರುಬೆರಳಿನ ಬುಡದಲ್ಲಿ ನಾಣ್ಯದಷ್ಟು ಜಾಗ ಇನ್ನೂ ಮಂಕು. ಅದು ಹಾಗೇ ಉಳಿಯಬಹುದು ಎಂದು ಹೇಳಿಯೇ ಕಳಿಸಿದೆ. ಹಿಮ್ಮಡಿಯ ಬಿಗಿತವೂ ಇದೆ, ಮರ ಹತ್ತುವ ಮಾತನ್ನು ಅವರೇ ಎತ್ತಲಿಲ್ಲ. ಈಗ ನೆಲದಲ್ಲೇ ನಿಂತು ಕೊನೆ ಇಳಿಸುವ ಫೈಬರ್ ದೋಟಿಯನ್ನು ಅಳಿಯನಿಂದ ಕಲಿಯುತ್ತಿದ್ದಾರಂತೆ. ಮೇಲೆ ನೋಡಿ ನೋಡಿ ಕುತ್ತಿಗೆ ಹಿಡಿದಿದೆ, ಅದಕ್ಕೇನು ಮಾಡಲಿ ಎಂದು ಕೇಳಿದರು.